ಅಮಾವಾಸ್ಯೆ ಕ್ಲಬ್ಬಿನವರ ಏಳೂವರೆ ಬಸ್ಸು

ನಮ್ಮ ಹೊಂಗೆಕೊಪ್ಪಲಿಗೆ ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು ಬರುತ್ತದೆ. ಬಿಂಡಿಗನವಿಲೆ ಕಡೆಯಿಂದ ಬಂದು, ಮುಖ್ಯರಸ್ತೆ ಬಿಟ್ಟು ಎರಡೂವರೆ ಕಿಲೋಮೀಟರು ಒಳಕ್ಕೆ ತಿರುಗಿ, ನಮ್ಮೂರಿನವರನ್ನು ಹತ್ತಿಸಿಕೊಂಡು ನಾಗಮಂಗಲಕ್ಕೆ ಹೋಗುತ್ತದೆ. ಹಾಗಂತ ಡಿಪೋದ ಕಾಗದದಲ್ಲಿ ಬರೆದಿದೆ. ಕಳೆದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಆ ಬಸ್ಸು ಊರೊಳಕ್ಕೆ ತಿರುಗುವುದನ್ನು ಬಿಟ್ಟಿತು. ಕಾಗದದಲ್ಲಿ ಮಾತ್ರ ದಿನಾ ಬರುತ್ತಲೇ ಇತ್ತು.

ನಾನು ಪವಿತ್ರ. ನಮ್ಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮುಚ್ಚಿಡಲು ಬರುವುದಿಲ್ಲ. ಈ ಕಥೆಯಲ್ಲಿ ಅಲ್ಲಲ್ಲಿ ಖಾರ ಹೆಚ್ಚಾಗಿದ್ದರೆ ಸಹಿಸಿಕೊಳ್ಳಿ.

ಬೈಕು ಇರುವವರಿಗೆ ಬಸ್ಸು ಬರದಿದ್ದರೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ವಯಸ್ಸಾದವರಿಗೆ. ಬಸ್‌ಸ್ಟಾಪಿನ ಎದುರಿಗೇ ಕಾಳಪ್ಪನವರ ಕುಲುಮೆ. ಎಪ್ಪತ್ತೆರಡು ವರ್ಷದ ಕಮ್ಮಾರರು, ಊರಿನವರ ಬಾಯಲ್ಲಿ ಆಚಾರ್ರು. ಒಂದು ಕಾಲಕ್ಕೆ ಇಲ್ಲಿಂದ ಕೆ.ಆರ್. ಪೇಟೆ ತನಕ ಅವರು ಬಡಿದ ಕುಡುಗೋಲು ಹೋಗುತ್ತಿತ್ತು. ಈಗ ಅವರ ಎರಡೂ ಕಿಡ್ನಿ ಕೈಕೊಟ್ಟಿವೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ನಾಗಮಂಗಲದಲ್ಲಿ ಡಯಾಲಿಸಿಸ್ ಆಗಲೇಬೇಕು. ಮಗ ಮೋಹನ್ ಕುಮಾರ್ ಕುಲುಮೆಯ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಒಂದೆರಡು ಸಲ ಬೈಕಿನಲ್ಲಿ ಕರೆದುಕೊಂಡು ಹೋದ. ವಾಪಸ್ ಬರುವಾಗ ಅಪ್ಪನಿಗೆ ತಲೆ ಸುತ್ತಿ, ಬೈಕಿನಿಂದ ಬೀಳುವುದರಲ್ಲಿದ್ದರು. ಅಲ್ಲಿಗೆ ಬೈಕು ಸಾಕಾಯಿತು. ವಾರಕ್ಕೆರಡು ಸಲ ಆಟೋ ಮಾಡುವುದು ಅವರ ಕೈಲಿ ಆಗುವ ಮಾತಲ್ಲ. ಹೀಗಾಗಿ ಆ ಏಳೂವರೆ ಬಸ್ಸೇ ಅವರ ಪಾಲಿಗೆ ಜೀವ.

ಬಸ್ಸು ಬರದ ದಿನ ಅವರ ಹೆಂಡತಿ ವರಲಕ್ಷ್ಮಮ್ಮ ಗಂಡನ ರಟ್ಟೆ ಹಿಡಿದುಕೊಂಡು ಮುಖ್ಯರಸ್ತೆ ತನಕ ನಡೆಸುತ್ತಿದ್ದರು. ದಾರಿಯಲ್ಲಿ ಮೂರು ಮೋರಿಗಳಿವೆ. ಮೂರರ ಮೇಲೂ ಕೂರಿಸಿ, ಏಳಿಸಿ, ಮತ್ತೆ ನಡೆಸಬೇಕು. ಒಂದು ದಿನ ಮುಖ್ಯರಸ್ತೆಯಲ್ಲಿ ಅದೇ ಬಸ್ಸು ಸಿಕ್ಕಿತು. ಊರೊಳಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದರು. ಕಂಡಕ್ಟರು ಟಿಕೆಟ್ ಹರಿಯುತ್ತಲೇ ಹೇಳಿದ.

"ನಿಮ್ಮೂರಲ್ಲಿ ಅತ್ತೋರೆಲ್ಲ ಮುದುಕ್ರು. ನಿಮ್ಗೇನಜ್ಜಿ ಅಂತ ಅರ್ಜೆಂಟು?"

ಪಕ್ಕದಲ್ಲಿ ಉಸಿರು ಎಳೆಯುತ್ತ ನಿಂತಿದ್ದ ಗಂಡನನ್ನು ಅವರು ಒಮ್ಮೆ ನೋಡಿದರಂತೆ. ಮಾರನೆಯ ದಿನ ನನ್ನ ಬಾಗಿಲಿಗೆ ಬಂದರು.

ಅಷ್ಟರಲ್ಲಿ ಅವರು ಡಿಪೋಗೆ ಮೂರು ಅರ್ಜಿ ಕೊಟ್ಟಾಗಿತ್ತು. ಮೂರನ್ನೂ ತೆಗೆದುಕೊಂಡವರು "ಇಟ್ಟು ಹೋಗಿ" ಅಂದಿದ್ದರು. ನಾಲ್ಕನೆಯದು ಬರೆದುಕೊಡು ಎಂದು ಕೇಳಲು ಬಂದಿದ್ದರು. ಕಾಗದ ಬೇಡ, ಸರ್ಕಾರದ ದೂರಿನ ಪುಟದಲ್ಲಿ ಕಂಪ್ಯೂಟರಿನಿಂದಲೇ ಹಾಕಬಹುದು, ಅದಕ್ಕೊಂದು ನಂಬರು ಕೊಡುತ್ತಾರೆ, ಆ ದೂರು ಯಾರ ಮೇಜಿನ ಮೇಲಿದೆ ಎಂದು ನಾವೇ ನೋಡಬಹುದು ಎಂದೆ. ಅವರು ಕೋಣೆಯ ಮೂಲೆ ನೋಡಿದರು. ಅಲ್ಲಿ ನಾಲ್ಕು ಕಂಪ್ಯೂಟರು ಬಟ್ಟೆ ಹೊದ್ದುಕೊಂಡು ಕೂತಿದ್ದವು. ಬಟ್ಟೆಯ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ ಹಾಗೇ ಒಣಗಿತ್ತು.

ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಪರೀಕ್ಷೆ ಸಮಯದಲ್ಲಿ ಮಕ್ಕಳು ಬಂದಾಗ ಬಿಟ್ಟರೆ ನಾನು ಅವುಗಳ ಮುಸುಕು ತೆಗೆಯುತ್ತಿರಲಿಲ್ಲ. ಕೆಟ್ಟರೆ ಯಾರು ಜವಾಬ್ದಾರಿ ಎಂದು ಪಂಚಾಯಿತಿ ಸದಸ್ಯರೊಬ್ಬರು ಹೆದರಿಸಿದ್ದರು, ನಾನೂ ಹೆದರಿಕೊಂಡಿದ್ದೆ. ಅದನ್ನೇ ಹೇಳಿದೆ.

ವರಲಕ್ಷ್ಮಮ್ಮ ಹತ್ತಿರ ಹೋಗಿ ಒಣಗಿದ ಕುಂಕುಮವನ್ನು ಉಗುರಿನಿಂದ ಕೆರೆದು ನೋಡಿದರು.

"ನಮ್ಮನೇಲೂ ಆಯುಧಪೂಜೆ ಮಾಡ್ತೀವಿ ಕಣವ್ವ. ಪೂಜೆ ಆದ್ಮೇಲೆ ಸುತ್ತಿಗೆನ ಕೆಲ್ಸಕ್ಕೆ ತಗೀತೀವಿ. ಇಂಗೆ ಮುಸುಕಾಕಿ ಮಡಗುದ್ರೆ ಅದುಕ್ಕೆ ತುಕ್ಕಿಡಿತದೆ."

ಆ ಮಾತು ನನಗೆ ಸರಿಯಾಗಿ ತಾಗಿತು. ಅವರ ಎದುರಿಗೇ ನಾಲ್ಕೂ ಬಟ್ಟೆ ಎಳೆದು ತೆಗೆದೆ. ತೊಳೆದು ತರುತ್ತೇನೆ ಎಂದು ಅವರು ಅವನ್ನು ಮನೆಗೆ ಒಯ್ದರು.

ಕಲಿಸಿಕೊಡು, ದೂರು ನಾವೇ ಹಾಕುತ್ತೇವೆ ಎಂದರು ವರಲಕ್ಷ್ಮಮ್ಮ. ಹಿರಿಯರ ಕಂಪ್ಯೂಟರು ಕ್ಲಬ್ಬು ಶುರುವಾಗಿದ್ದು ಹಾಗೆ. ದಿನ ಗೊತ್ತು ಮಾಡುವಾಗ ಒಂದು ತಕರಾರು ಬಂತು. ಆಚಾರ್ರ ಮನೆಗಳಲ್ಲಿ ಅಮಾವಾಸ್ಯೆ ದಿನ ಕುಲುಮೆ ಹಚ್ಚುವುದಿಲ್ಲ, ಸುತ್ತಿಗೆ ಎತ್ತುವುದಿಲ್ಲ. ಅವತ್ತು ಬಿಡುವು, ಹಾಗಾಗಿ ಅವತ್ತೇ ಪಾಠ ಆಗಲಿ ಎಂದರು ವರಲಕ್ಷ್ಮಮ್ಮ. ಅಮಾವಾಸ್ಯೆ ದಿನ ಯಾರಾದರೂ ಹೊಸದು ಶುರು ಮಾಡುತ್ತಾರಾ ಎಂದು ಊರಿನವರು ಮೂಗು ಮುರಿದರು. ಬಸ್ಸು ನಿಂತಿದ್ದೇನು ಅಮಾವಾಸ್ಯೆ ದಿನವಲ್ಲವಲ್ಲ ಎಂದು ವರಲಕ್ಷ್ಮಮ್ಮ ಕೇಳಿದರು. ಅವತ್ತಿನಿಂದ ನಮ್ಮದು ಅಮಾವಾಸ್ಯೆ ಕ್ಲಬ್ಬು. ನಡುವೆ ಬಿಡುವಾದವರು ಸಂಜೆ ಹೊತ್ತು ಬಂದು ಅಭ್ಯಾಸ ಮಾಡುತ್ತಿದ್ದರು.

ಒಟ್ಟು ಹನ್ನೊಂದು ಜನ ಸೇರಿದರು. ಎಲ್ಲರೂ ಅರವತ್ತು ದಾಟಿದವರು. ವರಲಕ್ಷ್ಮಮ್ಮನ ಪಕ್ಕದ ಮನೆಯ ಚಲುವಮ್ಮ ಎಲ್ಲರಿಗಿಂತ ಮುಂದು. ನಾಲ್ಕು ಕುರಿ, ಒಂದು ಎಕರೆ ರಾಗಿ, ಒಂದು ಟಚ್ ಫೋನು, ಬೇಕಾದಷ್ಟು ಬಾಯಿ, ಎಲ್ಲವೂ ಅವರಲ್ಲಿತ್ತು. ಅರವತ್ತಕ್ಕೆ ಅರಳುಮರುಳು ಎಂದು, ನನ್ನನ್ನು ಹೆದರಿಸಿದ್ದ ಆ ಪಂಚಾಯಿತಿ ಸದಸ್ಯರು ಕಿಟಕಿಯಲ್ಲಿ ಇಣುಕಿ ನಕ್ಕಾಗ ಉತ್ತರ ಕೊಟ್ಟಿದ್ದು ಅವರೇ.

"ಅರವತ್ತು ದಾಟಿ ಐದೊರ್ಸ ಆಯ್ತು ಕಣಪ್ಪ. ಅರಳೂ ಇಲ್ಲ, ಮರುಳೂ ಇಲ್ಲ. ಬಸ್ಸಂತೂ ಮೊದ್ಲೇ ಇಲ್ಲ."

ಕಾಳಪ್ಪನವರು ಬಂದಿದ್ದು ಹೆಂಡತಿಯ ಕಾಟಕ್ಕೆ. ಮೂಲೆಯಲ್ಲಿ ಕೈಕಟ್ಟಿ ಕೂತು, ಕಂಪ್ಯೂಟರೇನು ಬಸ್ಸು ಓಡಿಸುತ್ತದಾ ಎಂದು ಗೊಣಗುತ್ತಿದ್ದರು. ಒಂದು ದಿನ ಒತ್ತಾಯ ಮಾಡಿ ಕೀಲಿಮಣೆಯ ಮುಂದೆ ಕೂರಿಸಿದೆ. ಸುತ್ತಿಗೆ ಹಿಡಿದ ಕೈ ಅದು. ಒಂದು ಅಕ್ಷರದ ಮೇಲೆ ಬೆರಳಿಟ್ಟು ಬಲವಾಗಿ ಒತ್ತಿದರು, ಪರದೆಯ ಮೇಲೆ ಮೂರು ಸಾಲು 'ಕ' ತುಂಬಿತು. ಇದಕ್ಕೇ ಬೇಡ ಅಂದಿದ್ದು ಎಂದು ಏಳಲು ಹೊರಟರು. ಆಗ ವರಲಕ್ಷ್ಮಮ್ಮ, ಕಬ್ಬಿಣ ಇನ್ನೂ ಬಿಸಿ ಇದೆಯಾ ಎಂದು ಹೇಗೆ ಮುಟ್ಟಿ ನೋಡುತ್ತೀರೋ ಹಾಗೆ ಮುಟ್ಟಿ, ಸಾಕು ಎಂದರು. ಕಾಳಪ್ಪನವರು ತಟ್ಟನೆ ಮುಟ್ಟಿ ಬೆರಳು ತೆಗೆದರು. ಒಂದೇ ಒಂದು 'ಕ' ಬಂತು. ಅವತ್ತು ಅವರು ತಮ್ಮ ಹೆಸರು, ಚಿಮಟ, ಅಡಿಗಲ್ಲು, ತಿದಿ ಎಂದು ಕುಲುಮೆಯ ಸಾಮಾನೆಲ್ಲ ಬರೆದು ಹೋದರು. ಮರುದಿನ ಅದನ್ನು ನೋಡಲು ಮತ್ತೆ ಬಂದರು.

ಎರಡನೆಯ ಅಮಾವಾಸ್ಯೆಗೆ ದೂರು ಸಿದ್ಧವಾಯಿತು. ವರಲಕ್ಷ್ಮಮ್ಮ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಆರು ಸಾಲು ಬರೆಯಲು ಅರ್ಧ ದಿನ ತೆಗೆದುಕೊಂಡರು. ನಾನು ಕೈ ಹಾಕಲು ಹೋದಾಗ ನನ್ನ ಕೈ ಸರಿಸಿದರು. ಬಸ್ಸಿನ ಹೊತ್ತು, ದಾರಿ, ಗಂಡನ ಕಾಯಿಲೆ, ಮೂರು ಮೋರಿ, ಎಲ್ಲ ಬರೆದರು. ಕೊನೆಯಲ್ಲಿ ಮೊಬೈಲ್ ನಂಬರಿನ ಖಾನೆ ಬಂತು. ನಂಬರು ಹೇಳಿ ಎಂದೆ. ಅವರು ಗಿಣಿ ಪಾಠ ಒಪ್ಪಿಸಿದ ಹಾಗೆ ಮಗನ ನಂಬರು ಹೇಳಿದರು. ಅವರ ಸೊಂಟದ ಚೀಲದಲ್ಲಿ ಒಂದು ಗುಂಡಿ ಫೋನು ಇತ್ತು. ಆದರೆ ಅದರ ನಂಬರು ಅವರಿಗೆ ಗೊತ್ತಿರಲಿಲ್ಲ. ನಾನೂ ಯೋಚಿಸದೆ ಮಗನ ನಂಬರನ್ನೇ ಹಾಕಿದೆ. ನಮ್ಮ ಕಡೆ ಯಾವ ಹಿರಿಯರನ್ನು ಕೇಳಿದರೂ ಕೊಡುವುದು ಮಗನ ನಂಬರು, ಮಗ ಇಲ್ಲದಿದ್ದರೆ ಅಳಿಯನದು. ಓದಿದ ನಾನು ಅಲ್ಲಿ ತಡೆಯಬೇಕಿತ್ತು. ತಡೆಯಲಿಲ್ಲ.

ದೂರಿನ ನಂಬರನ್ನು ವರಲಕ್ಷ್ಮಮ್ಮ ಕುಲುಮೆಯ ಬಾಗಿಲ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟರು. ಇಪ್ಪತ್ತು ದಿನ ಕಾದರು. ಬಸ್ಸು ಬರಲಿಲ್ಲ.

ಇಪ್ಪತ್ತೊಂದನೆಯ ದಿನ ಶುಕ್ರವಾರ. ಎರಡನೆಯ ಮೋರಿಯ ಹತ್ತಿರ ಕಾಳಪ್ಪನವರ ಕಾಲು ಸೋತು ಕುಸಿದು ಕೂತರು. ಎತ್ತಿ, ನೀರು ಕುಡಿಸಿ, ದಾರಿಯಲ್ಲಿ ಬಂದ ಹಾಲಿನ ಗಾಡಿ ಹತ್ತಿಸಿ ಕರೆದೊಯ್ಯುವಷ್ಟರಲ್ಲಿ ಸರದಿ ಹೋಗಿತ್ತು. ಅವರ ಜಾಗದಲ್ಲಿ ಇನ್ನೊಬ್ಬ ರೋಗಿ ಮಲಗಿದ್ದರು. ಆ ಯಂತ್ರಕ್ಕೂ ಸಾಲು ಇರುತ್ತದೆ, ಅಲ್ಲಿಯವರನ್ನು ದೂರಿ ಪ್ರಯೋಜನವಿಲ್ಲ. ಭಾನುವಾರದ ಹೊತ್ತಿಗೆ ಕಾಳಪ್ಪನವರ ಕಾಲು ಊದಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಂಬುಲೆನ್ಸು ಕರೆಸಬೇಕಾಯಿತು. ಇನ್ನು ಅರ್ಧ ದಿನ ತಡ ಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನೇರವಾಗಿ ಹೇಳಿದರು.

ಸೋಮವಾರ ವರಲಕ್ಷ್ಮಮ್ಮ ಆಸ್ಪತ್ರೆಯಿಂದ ಸೀದಾ ನನ್ನ ಬಳಿ ಬಂದರು. ಸೀರೆ ಬದಲಾಯಿಸಿರಲಿಲ್ಲ. ಕೂತು, ತಾವೇ ದೂರಿನ ಪುಟ ತೆರೆದು, ನಂಬರು ಒತ್ತಿದರು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಬಂತು: ದೂರು ವಿಲೇವಾರಿಯಾಗಿದೆ, ದೂರುದಾರರು ತೃಪ್ತರಾಗಿದ್ದಾರೆ.

ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಯಾರವ್ವ ಈ ತೃಪ್ತಿ ಆದೋರು?"

ದೂರು ಮುಚ್ಚುವ ಮೊದಲು ಕೊಟ್ಟ ನಂಬರಿಗೆ ಒಂದು ಕರೆ ಹೋಗುತ್ತದೆ. ಸಮಸ್ಯೆ ಪರಿಹಾರವಾಗಿದ್ದರೆ ಒಂದು ಒತ್ತಿ, ಇಲ್ಲವಾದರೆ ಎರಡು ಒತ್ತಿ ಎಂದು ಕೇಳುತ್ತದೆ. ಆ ಕರೆ ಹೋಗಿದ್ದು ಯಾರಿಗೆ? ಇಬ್ಬರೂ ವೆಲ್ಡಿಂಗ್ ಅಂಗಡಿಗೆ ಹೋದೆವು.

ಮೋಹನ್ ಕುಮಾರ್ ಕೆಟ್ಟವನಲ್ಲ. ಅಪ್ಪನ ಜೊತೆ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತು ಬೆಳಿಗ್ಗೆ ತಾನೇ ಬಂದಿದ್ದ. ಪಾಂಡವಪುರದ ಯಾರಿಗೋ ಒಪ್ಪಿಕೊಂಡಿದ್ದ ಗೇಟಿನ ಕೆಲಸ ಅರ್ಧಕ್ಕೆ ನಿಂತಿತ್ತು. ಅವ್ವ ಕೇಳಿದಾಗ ಸ್ವಲ್ಪ ಹೊತ್ತು ನೆನಪಿಸಿಕೊಂಡ.

"ಏನೋ ಫೋನ್ ಬಂತು ಕಣವ್ವ. ವೆಲ್ಡಿಂಗ್ ಮಾಡ್ತಿದ್ದೆ. ಒಂದ್ ಒತ್ತಿ ಅಂದ್ರು, ಒತ್ಬುಟ್ಟೆ."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ಅರ್ಥವಾಯಿತು, ಮುಖ ಸಣ್ಣದಾಯಿತು. ಆದರೂ ಗಂಡು ಮಕ್ಕಳ ಅಭ್ಯಾಸ ನೋಡಿ, ತಪ್ಪು ಒಪ್ಪಿಕೊಳ್ಳುವ ಬದಲು, ಈ ವಯಸ್ಸಿನಲ್ಲಿ ಕಂಪ್ಯೂಟರು, ದೂರು ಎಲ್ಲ ನಿನಗೆ ಯಾಕೆ, ನಾನಿಲ್ಲವಾ ಎಂದುಬಿಟ್ಟ.

ವರಲಕ್ಷ್ಮಮ್ಮ ಕೂಗಾಡಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡು ನಿಂತು ಹೇಳಿದರು.

"ಗ್ಯಾಸಿಗೂ ನಿನ್ ನಂಬ್ರು, ರೇಸನ್ಗೂ ನಿನ್ ನಂಬ್ರು, ನಿಮ್ಮಪ್ಪುನ್ ಆಸ್ಪತ್ರೆ ಚೀಟಿಗೂ ನಿನ್ ನಂಬ್ರು. ನಮ್ಮನ್ನ ಯಾರ್ ಏನ್ ಕೇಳುದ್ರೂ ಉತ್ರ ಏಳೋನು ನೀನು. ನೀನ್ ಕೆಟ್ಟೋನಲ್ಲ ಕಣ್ಮಗ. ಆದ್ರೆ ಬಸ್ಸಿಗೆ ಕಾಯೋಳು ನಾನು. ತೃಪ್ತಿ ಆಯ್ತಾ ಇಲ್ವಾ ಅಂತ ನಾನ್ ಏಳ್ಬೇಕು."

ಅವನು ಕೈಯಲ್ಲಿದ್ದ ವೆಲ್ಡಿಂಗ್ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ, ನಿನ್ನ ಫೋನು ಕೊಡವ್ವ ಎಂದ. ಅದರಿಂದ ತನ್ನ ಫೋನಿಗೆ ಒಂದು ಕರೆ ಮಾಡಿದ. ಬಂದ ನಂಬರು ನೋಡಿ, ಕುಲುಮೆಯ ಬಾಗಿಲಿಗೆ ಹೋಗಿ, ಹಳೆಯ ದೂರಿನ ನಂಬರಿನ ಕೆಳಗೆ ಅವ್ವನ ಮೊಬೈಲ್ ನಂಬರನ್ನು ದಪ್ಪಗೆ ಬರೆದ. ಅದನ್ನು ಬಾಯಿಪಾಠ ಮಾಡಲು ಅವರಿಗೆ ಎರಡು ದಿನ ಹಿಡಿಯಿತು.

ಆ ವಾರ ಕ್ಲಬ್ಬಿನ ಕೆಲಸವೇ ಅದು. ಹನ್ನೊಂದು ಜನವೂ ತಮ್ಮ ತಮ್ಮ ನಂಬರು ಕಲಿತರು. ಫೋನು ಇಲ್ಲದ ಇಬ್ಬರು ಮೂಲೆಗೆ ಬಿದ್ದಿದ್ದ ಹಳೆಯ ಗುಂಡಿ ಫೋನು ಹುಡುಕಿ, ತಮ್ಮ ಹೆಸರಿಗೇ ಸಿಮ್ಮು ತಂದರು. ಬಂದ ಮೆಸೇಜು ಓದುವುದು ಕಲಿತರು. ಬ್ಯಾಂಕಿನ ಹೆಸರಲ್ಲಿ ಯಾರಾದರೂ ಗುಟ್ಟಿನ ಸಂಖ್ಯೆ ಕೇಳಿದರೆ ಫೋನಿಡುವುದು ಕಲಿತರು. ಆಮೇಲೆ ಒಂದು ವಿಚಿತ್ರ ಅಭ್ಯಾಸ ನಡೆಯಿತು. ನಾನು ಒಬ್ಬೊಬ್ಬರಿಗೂ ಫೋನು ಮಾಡಿ, ನಿಮ್ಮ ದೂರು ಪರಿಹಾರವಾಯಿತೇ, ಹೌದಾದರೆ ಒಂದು, ಇಲ್ಲವಾದರೆ ಎರಡು ಎನ್ನುತ್ತಿದ್ದೆ. ಅವರು ಎರಡು ಒತ್ತಬೇಕು. ನಗಬೇಡಿ. ಜೀವಮಾನವೆಲ್ಲ ಆಫೀಸಿನವರ ಮುಂದೆ "ಆಯ್ತು ಸ್ವಾಮಿ" ಎಂದು ಬಂದವರಿಗೆ "ಇಲ್ಲ" ಎನ್ನುವುದಕ್ಕೂ ತಾಲೀಮು ಬೇಕು. ಮೊದಲ ದಿನ ಐದು ಜನ ಮರ್ಯಾದೆಗೆ ಒಂದು ಒತ್ತಿದರು.

ಬರೀ ಮಾತಿಗೆ ಯಾರೂ ಬಗ್ಗುವುದಿಲ್ಲ, ಸಾಕ್ಷಿ ಬೇಕು ಎಂದವರು ಚಲುವಮ್ಮ. ದಿನಾ ಏಳೂವರೆಯಿಂದ ಎಂಟರವರೆಗೆ ಖಾಲಿ ರಸ್ತೆಯ ಫೋಟೋ ತೆಗೆಯಬೇಕು, ಊರಿನ ಹೆಸರಿನ ಬೋರ್ಡು ಕಾಣಬೇಕು, ದಿನ ಮತ್ತು ಹೊತ್ತು ಅದರಲ್ಲೇ ಮೂಡಬೇಕು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಕಾಳಪ್ಪನವರು ಆ ಕೆಲಸ ತಮಗೆ ಕೊಡಿ ಎಂದು ತಾವಾಗಿ ಕೇಳಿದರು. ಡಯಾಲಿಸಿಸ್ ದಿನ ಮಾತ್ರ ಮೋಹನ್ ಕುಮಾರ್ ಅಂಗಡಿ ಮುಚ್ಚಿ, ಸಿಕ್ಕ ಗಾಡಿಯಲ್ಲಿ ಅಪ್ಪನನ್ನು ಕರೆದೊಯ್ಯುತ್ತಿದ್ದ. ಅವತ್ತು ಚಲುವಮ್ಮ ತೆಗೆಯುತ್ತಿದ್ದರು. ಉಳಿದ ದಿನ ಕಾಳಪ್ಪನವರು ಕುಲುಮೆಯ ಮುಂದೆ ಹಳೆಯ ಸ್ಟೂಲು ಹಾಕಿಕೊಂಡು, ಚಲುವಮ್ಮನ ಟಚ್ ಫೋನು ಹಿಡಿದು ಕೂರುತ್ತಿದ್ದರು. ಮೊದಲೆರಡು ಫೋಟೋದಲ್ಲಿ ರಸ್ತೆಗಿಂತ ಅವರ ಹೆಬ್ಬೆರಳೇ ಹೆಚ್ಚಿತ್ತು. ಮೂರನೆಯದರಿಂದ ರಸ್ತೆ ಚೊಕ್ಕವಾಗಿ ಬಂತು. ಹನ್ನೆರಡು ದಿನ, ಹನ್ನೆರಡು ಖಾಲಿ ರಸ್ತೆ.

ಈ ಸಲ ದೂರು ಒಂದಲ್ಲ, ಹನ್ನೊಂದು. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು, ಒಬ್ಬೊಬ್ಬರ ಸ್ವಂತ ನಂಬರು, ಪ್ರತಿಯೊಂದರ ಜೊತೆ ಹನ್ನೆರಡು ಫೋಟೋ. ಮೂರು ದಿನಕ್ಕೆ ಚಲುವಮ್ಮನಿಗೆ ಯಾರೋ ಅಧಿಕಾರಿ ಫೋನು ಮಾಡಿದರು. ಎಲ್ಲ ಒಂದೇ ದೂರು ತಾನೇ, ಒಂದು ಇಟ್ಟುಕೊಂಡು ಉಳಿದ ಹತ್ತು ವಾಪಸ್ ತೆಗೆದುಕೊಳ್ಳಿ, ನೋಡುತ್ತೇವೆ ಎಂದರಂತೆ. ಚಲುವಮ್ಮ ಕುರಿಗೆ ಸೊಪ್ಪು ಹಾಕುತ್ತಲೇ, ಬಸ್ಸು ಒಂದೇ ಆದರೂ ಕಾಯುವವರು ಹನ್ನೊಂದು ಜನ, ಯಾರನ್ನು ಬಿಡಲಿ ನೀವೇ ಹೇಳಿ ಎಂದರಂತೆ. ನಾಲ್ಕು ದಿನ ಬಿಟ್ಟು ಹನ್ನೊಂದು ಫೋನೂ ಹೊಡೆದುಕೊಂಡವು. ಪರಿಹಾರವಾಗಿದ್ದರೆ ಒಂದು, ಇಲ್ಲವಾದರೆ ಎರಡು. ಹನ್ನೊಂದು ಜನವೂ ಎರಡು ಒತ್ತಿದರು. ಮರ್ಯಾದೆಗೆ ಒಂದು ಒತ್ತಿದ್ದ ಆ ಐವರೂ ಎರಡನ್ನೇ ಒತ್ತಿದರು. ದೂರುಗಳು ಮುಚ್ಚದೆ ಮೇಲಕ್ಕೆ ಹೋದವು. ಬಸ್ಸಿನ ಇಲಾಖೆಯ ಮೇಲಧಿಕಾರಿಯೊಬ್ಬರು ಜೀಪಿನಲ್ಲಿ ಬಂದು, ನಮ್ಮ ಬಸ್‌ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತು, ಬಾರದ ಬಸ್ಸನ್ನು ಕಣ್ಣಾರೆ ನೋಡಿ ಹೋದರು.

ಮುಂದಿನ ಮಂಗಳವಾರ ಏಳೂವರೆಗೆ ಬಸ್ಸು ಬಂತು.

ನಾನೂ ಅವತ್ತು ಹತ್ತಿದೆ, ಬೇಕೆಂದೇ ಹತ್ತಿದೆ. ಕಾಳಪ್ಪನವರನ್ನು ಕಿಟಕಿ ಪಕ್ಕ ಕೂರಿಸಿದರು. ಒಂದನೆಯ ಮೋರಿ ದಾಟಿತು, ಎರಡನೆಯದು ದಾಟಿತು. ಅವರು ಹೊರಗೆ ನೋಡುತ್ತ ಕೂತಿದ್ದರು, ಕಣ್ಣು ಒದ್ದೆಯಾಗಿತ್ತು. ಅದೇ ಕಂಡಕ್ಟರು. ಈ ಸಲ ಅವನು ಅರ್ಜೆಂಟಿನ ಮಾತು ಆಡಲಿಲ್ಲ. ಬಸ್ಸು ಮುಖ್ಯರಸ್ತೆ ತಲುಪುವ ಹೊತ್ತಿಗೆ ವರಲಕ್ಷ್ಮಮ್ಮನ ಗುಂಡಿ ಫೋನು ಹೊಡೆದುಕೊಂಡಿತು. ಅವರು ಕಿವಿಗಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡರು. ಹೌದಾದರೆ ಒಂದು ಎಂದು ಆ ಕಡೆಯ ದನಿ ಹೇಳಿದ್ದು ನನಗೂ ಕೇಳಿಸಿತು. ಕಂಡಕ್ಟರು ಆಸೆಯಿಂದ ನೋಡಿದ. ಬಸ್ಸು ಬಂದಿದೆಯಲ್ಲ ಅಜ್ಜಿ, ಒಂದು ಒತ್ತಿಬಿಡಿ ಎಂದ.

ಅವರು ಎರಡು ಒತ್ತಿದರು. ಬಿಸಿ ಕಬ್ಬಿಣ ಮುಟ್ಟಿದ ಹಾಗೆ ಮುಟ್ಟಿ ಬೆರಳು ತೆಗೆದರು.

"ಇವತ್ತೊಂದಿನ ಬಂದೈತೆ ಕಣಪ್ಪ. ನಾಳೆ ಬರ್ಲಿ, ನಾಳಿದ್ದು ಬರ್ಲಿ. ಅಮಾಸೆ ಗಂಟ ನೋಡಾವ."

ಅಮಾವಾಸ್ಯೆಗೆ ಇನ್ನೂ ಹತ್ತೊಂಬತ್ತು ದಿನವಿತ್ತು. ಹತ್ತೊಂಬತ್ತು ದಿನವೂ ಬಸ್ಸು ಬಂತು. ಅಮಾವಾಸ್ಯೆಯ ದಿನ ಕುಲುಮೆಗೆ ಬಿಡುವು. ಮೋಹನ್ ಕುಮಾರ್ ಕೂಡ ಅಂಗಡಿಗೆ ಬೀಗ ಹಾಕಿ ಗ್ರಂಥಾಲಯಕ್ಕೆ ಬಂದು, ಹಿಂದಿನ ಬೆಂಚಿನಲ್ಲಿ ಕೂತ. ಮತ್ತೆ ಕರೆ ಬಂದಾಗ ಅವನು ಅವ್ವನ ಕಡೆ ಕೈ ಚಾಚಲಿಲ್ಲ. ವರಲಕ್ಷ್ಮಮ್ಮ ಗಂಡನ ಮುಖ ನೋಡಿದರು, ನಮ್ಮೆಲ್ಲರ ಮುಖ ನೋಡಿದರು, ಆಮೇಲೆ ಒಂದು ಒತ್ತಿದರು. ಕಂಪ್ಯೂಟರಿನ ಪರದೆಯ ಮೇಲೆ ಮತ್ತೆ ಅದೇ ಹಸಿರು ಅಕ್ಷರ ಬಂತು: ದೂರುದಾರರು ತೃಪ್ತರಾಗಿದ್ದಾರೆ.

"ಈಗ ದಿಟ," ಎಂದರು ಅವರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮನೆಯ ಮಾತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯಬೇಡಿ. ನಿಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲೂ ಕಂಪ್ಯೂಟರು ಇರಬಹುದು, ಹೋಗಿ ಕೇಳಿ. ವಯಸ್ಸಾಯಿತಲ್ಲ ಎಂದು ಯಾರಾದರೂ ನಕ್ಕರೆ ಅಲ್ಲೇ ಕುರ್ಚಿ ಎಳೆದು ಕೂರಿ. ನಿಮ್ಮ ಸ್ವಂತ ಮೊಬೈಲ್ ನಂಬರನ್ನು ಇವತ್ತೇ ಬಾಯಿಪಾಠ ಮಾಡಿ, ಅರ್ಜಿಯಲ್ಲಿ ಅದನ್ನೇ ಬರೆಯಿರಿ. ದೂರಿಗೆ ಕೊಟ್ಟ ನಂಬರನ್ನು ಎಲ್ಲರಿಗೂ ಕಾಣುವ ಕಡೆ ಬರೆದಿಡಿ. ಕೆಲಸ ಆಯಿತೇ ಎಂದು ಕೇಳಿದಾಗ, ಆಗಿರದಿದ್ದರೆ, ಹೆದರದೆ ಇಲ್ಲ ಎನ್ನಿ. ಮಕ್ಕಳೇ, ನೀವು ಮಾಡಬೇಕಾದ್ದು ಇಷ್ಟೇ. ಅಪ್ಪ ಅಮ್ಮನ ಪರವಾಗಿ ಒತ್ತಬೇಡಿ, ಅವರ ಪಕ್ಕ ಕೂತು ಕಲಿಸಿ.

ನಮ್ಮ ಕ್ಲಬ್ಬು ಈಗಲೂ ಅಮಾವಾಸ್ಯೆಗೆ ಸೇರುತ್ತದೆ. ಕಂಪ್ಯೂಟರಿನ ಮೇಲೆ ಹೊದಿಸಿದ್ದ ಆ ನಾಲ್ಕು ಬಟ್ಟೆಗಳನ್ನು ವರಲಕ್ಷ್ಮಮ್ಮ ವಾಪಸ್ ಕೊಡಲಿಲ್ಲ. ಅವು ಈಗ ಕುಲುಮೆಯಲ್ಲಿ ಮಸಿ ಒರೆಸುತ್ತಿವೆ.